ಮೂಲೆಯಲ್ಲಿ ಒಂದು ಕಪ್ಪು ಬೊಟ್ಟು

ನನ್ನ ಕಾಲು ಒಂದು ಕಡೆ ನಿಲ್ಲೋದಿಲ್ಲ. ಹುಟ್ಟುಗುಣವೋ, ನೌಕರಿ ಅಂಟಿಸಿದ ಗುಣವೋ, ನನಗೇ ಗೊತ್ತಿಲ್ಲ. ಮನೆ ಮಂಡ್ಯದಲ್ಲಿ. ಕೆಲಸ ಭಾರತೀನಗರದ ಪಕ್ಕದ ಒಂದು ಸರ್ಕಾರಿ ಹೈಸ್ಕೂಲಲ್ಲಿ. ಕಾಗದದ ಮೇಲೆ ಚಿತ್ರಕಲಾ ಶಿಕ್ಷಕಿ, ಊರವರ ಬಾಯಲ್ಲಿ ಡ್ರಾಯಿಂಗ್ ಮಿಸ್ಸು. ಅಷ್ಟೇ ಆಗಿದ್ದರೆ ಹೇಗೋ ನಡೆಯೋದು. ಮಳವಳ್ಳಿ ಕಡೆಯ ಒಂದು ಸ್ಕೂಲಲ್ಲಿ ಡ್ರಾಯಿಂಗ್ ಹೇಳಿಕೊಡೋರೇ ಇಲ್ಲ, ವಾರದಲ್ಲಿ ಎರಡು ದಿನ ಅಲ್ಲಿಗೂ ಹೋಗಿ ಬನ್ನಿ ಅಂತ ಆರ್ಡರ್ ಬಂತು. ಅವತ್ತಿಂದ ನನ್ನ ಬದುಕೆಲ್ಲ ಬಸ್ಸಲ್ಲೇ. ಮಂಡ್ಯದಲ್ಲಿ ಹತ್ತೋದು, ಮದ್ದೂರಲ್ಲಿ ಇಳಿಯೋದು, ಮತ್ತೆ ಹತ್ತೋದು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಆಮೆ ಹಾಗೆ ಹೋಗ್ತಿದ್ದರೆ ಹಿಂದೆ ಬಸ್ಸಲ್ಲಿ ಕೂತು ನಾನು ಹಲ್ಲು ಕಡಿಯೋದು. ಕೈಯಲ್ಲಿ ಸುತ್ತಿದ ಡ್ರಾಯಿಂಗ್ ಶೀಟು. ಅದಕ್ಕೆ ಯಾರಾದರೂ ಮೊಣಕೈ ತಗುಲಿಸಿದರೋ, ಜಗಳಕ್ಕೇ ನಿಲ್ಲೋಳು. ಕಂಡಕ್ಟರುಗಳಿಗೆಲ್ಲ ನನ್ನ ಬಾಯಿ ಗೊತ್ತು.

ಸ್ಟಾಫ್ ರೂಮಲ್ಲಿ ಇನ್ನೊಂದು ಗೋಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತು ಅಂದರೆ ಸಾಕು, ಗಣಿತದ ಮೇಷ್ಟ್ರು ಹಲ್ಲು ಕಿರಿದುಕೊಂಡು ಬರೋರು. "ಡ್ರಾಯಿಂಗ್ ತಾನೇ ಮೇಡಂ, ನಿಮ್ ಪೀರಿಯಡ್ ಕೊಟ್ಬುಡಿ." ತಾನೇ ಅಂತೆ! ಮೈಯೆಲ್ಲ ಉರಿದುಹೋಗೋದು. "ಕೊಡಲ್ಲ ಹೋಗಿ ಸಾರ್. ನಿಮ್ಮ ತ್ರಿಕೋನಕ್ಕೂ ನೆಟ್ಟಗೆ ಗೆರೆ ಎಳೆಯೋದು ನಾನೇ ಕಲಿಸಬೇಕು" ಅಂದುಬಿಡೋಳು. ಅವರು ನಗೋರು. ನಾನು ನಗ್ತಿರಲಿಲ್ಲ.

ಇನ್ನು ಕ್ಲಾಸಿಗೆ ಹೋಗಿ ಏನಾದರೂ ಚಿತ್ರ ಬರೀರಿ ಅಂದರೆ ಎಲ್ಲರ ಹಾಳೆಯಲ್ಲೂ ಅದೇ. ಎರಡು ಬೆಟ್ಟ, ಮಧ್ಯೆ ಸೂರ್ಯ, ಕೆಳಗೊಂದು ಹೊಳೆ, ಪಕ್ಕದಲ್ಲಿ ಗುಡಿಸಲು. "ಲೇ, ನಮ್ಮ ಸ್ಕೂಲ್ ಸುತ್ತ ಎಲ್ರೋ ಐತೆ ಬೆಟ್ಟ? ಕಿಟಕಿ ಆಚೆ ನೋಡ್ರೋ, ಕಣ್ಣು ಹಾಯೋಗಂಟ ಕಬ್ಬು" ಅಂದೆ. "ಕಬ್ಬು ಬರಿಯಕ್ಕೆ ಏನೈತೆ ಮಿಸ್, ಬರೀ ಗೀಟು" ಅಂದ ಒಬ್ಬ. ಸರಿ, ಆ ಗೀಟಿಂದಲೇ ಶುರು ಮಾಡೋಣ ಅಂದುಕೊಂಡೆ. ನೆಟ್ಟಗೆ ನಿಂತ ಗೆರೆ ಕಬ್ಬು, ಮಲಗಿದ ಗೆರೆ ನಾಲೆ, ಬಾಗಿದ ಗೆರೆ ಗಾಳಿಗೆ ವಾಲಿದ ಭತ್ತ. ಗೆರೆ ನಿಂತಿದ್ದರೆ ಚಿತ್ರ ಗಟ್ಟಿ ಕಾಣುತ್ತೆ, ಮಲಗಿದ್ದರೆ ತಣ್ಣಗೆ ಕಾಣುತ್ತೆ, ಓರೆಯಾದರೆ ಈಗಲೋ ಆಗಲೋ ಬಿದ್ದುಹೋಗೋ ಹಾಗೆ ಕಾಣುತ್ತೆ. ಹೇಳಿದ ಮೇಲೆ ಅವರಿಗೂ ಕಂಡಿತು.

ನೆರಳು ಬೆಳಕು ಹೇಳಿಕೊಡೋಕೆ ಮನೆಯಿಂದ ರಾಗಿ ಮುದ್ದೆ ಕಟ್ಟಿಕೊಂಡು ಹೋಗಿದ್ದೆ. ಕಿಟಕಿ ಪಕ್ಕ ಮೇಜಿನ ಮೇಲಿಟ್ಟು, ಮೇಲೆ ಚೂರು ತುಪ್ಪ ಸವರಿ, "ನೋಡಿ, ಬೆಳಕು ಬಿದ್ದ ಕಡೆ ಮಿಂಚ್ತಾ ಇದೆ. ಈ ಕಡೆಗೆ ಬರ್ತಾ ಬರ್ತಾ ಕಪ್ಪು. ಮೇಜಿನ ಮೇಲೆ ಬಿದ್ದಿರೋ ನೆರಳೇ ಬೇರೆ" ಅಂತ ತೋರಿಸಿದೆ. ಇಡೀ ಪೀರಿಯಡ್ ಮುಸಿಮುಸಿ ನಗು. ಕೊನೆಗೆ ಹಿಂದಿನ ಬೆಂಚಿಂದ, "ಸಾರೆಲ್ಲಿ ಮಿಸ್?" ಅಂತ ಒಂದು ಕೂಗು. ನನಗೂ ನಗು ತಡೆಯೋಕಾಗಲಿಲ್ಲ. ಆದರೆ ಅವತ್ತು ಅವರು ಬರೆದ ಮುದ್ದೆಗಳಿದ್ದವಲ್ಲ, ಕೈ ಹಾಕಿ ಮುರಿಯಬಹುದು ಅನ್ನೋ ಹಾಗಿದ್ದವು.

ಎಲ್ಲಕ್ಕಿಂತ ಕಷ್ಟ ಅಂದರೆ ಖಾಲಿ ಜಾಗ ಕಲಿಸೋದು. ನಮ್ಮ ಕಡೆಯವರು ಗದ್ದೆ ಬದುವನ್ನೂ ಸುಮ್ಮನೆ ಬಿಡೋದಿಲ್ಲ, ಅಲ್ಲೂ ನಾಲ್ಕು ಅವರೆ ಬೀಜ ಊರ್ತಾರೆ. ಅಂಥ ಮನೆಯ ಮಕ್ಕಳಿಗೆ ಹಾಳೆಯಲ್ಲಿ ಜಾಗ ಬಿಡಿ ಅಂದರೆ ಎಲ್ಲಿಂದ ಬಿಟ್ಟಾರು? ಆಕಾಶ ಖಾಲಿ ಕಂಡರೆ ಹಕ್ಕಿ, ಹಕ್ಕಿ ಪಕ್ಕ ಮೋಡ, ಮೋಡದ ಪಕ್ಕ ವಿಮಾನ. "ಖಾಲಿ ಬುಟ್ರೆ ಮಾರ್ಕ್ಸ್ ಕಟ್ ಮಾಡಲ್ವಾ ಮಿಸ್?" ಅಂತ ಕೇಳೋರು. ತಲೆ ತಲೆ ಚಚ್ಚಿಕೊಳ್ಳೋಳು ನಾನು.

ಜಾಗ ಬಿಡ್ತಿದ್ದವಳು ಹತ್ತನೇ ಕ್ಲಾಸಿನ ಒಬ್ಬಳೇ ಹುಡುಗಿ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗೋ ಕೆಲಸದವನು. ಅವ್ವ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕೋಳು. ಹುಡುಗಿಯದ್ದು ಮಾತು ಕಮ್ಮಿ. ಒಂದು ಸಲ ಹಸು ಬರೆದಿದ್ದಳು. ಹಸು ಅಂದರೆ ಪೂರ್ತಿ ಹಸುವಲ್ಲ: ಹೊಟ್ಟೆಯ ಒಂದು ಬಾಗು, ಅದರ ಕೆಳಗೆ ಹಾಲು ಕರೆಯೋ ಎರಡು ಕೈ, ಒಂದು ಬಕೆಟ್ಟಿನ ಅಂಚು. ಮಿಕ್ಕ ಹಾಳೆಯೆಲ್ಲ ಬಿಳಿ. ನೋಡಿ ನನಗೆ ಮೈ ಜುಂ ಅಂತು. ಇದನ್ನ ಯಾರೂ ಕಲಿಸೋಕಾಗಲ್ಲ, ನಾನಂತೂ ಕಲಿಸಿಲ್ಲ. ಆಮೇಲೆ ಕಣ್ಣು ಕೆಳಗಿನ ಮೂಲೆಗೆ ಹೋಯಿತು. ಅಲ್ಲಿ ದಪ್ಪಗೆ, ದುಂಡಗೆ ಒಂದು ಕಪ್ಪು ಚುಕ್ಕೆ.

"ಏನೇ ಇದು, ಬಣ್ಣ ಚೆಲ್ಲಿದ್ಯಾ?"

"ಇಲ್ಲ ಮಿಸ್. ದೃಷ್ಟಿಬೊಟ್ಟು."

"ಚಿತ್ರಕ್ಕಾ?"

"ಊ ಮಿಸ್. ಚೆನ್ನಾಗ್ ಬಂದ್ರೆ ಕಣ್ಣಾಯ್ತದಂತೆ. ಅವ್ವ ಯೋಳವ್ಳೆ, ಮಡಗಲೇಬೇಕು ಅಂತ."

ಕ್ಲಾಸೆಲ್ಲ ಗೊಳ್ಳೆಂದಿತು. ನಾನು ಬೋರ್ಡಿನ ಮೇಲೆ ದೊಡ್ಡ ಬಿಳಿ ಹಾಳೆ ಅಂಟಿಸಿ, ಒಂದು ಮೂಲೆಯಲ್ಲಿ ಕಪ್ಪು ಚುಕ್ಕೆ ಇಟ್ಟೆ. "ಎಲ್ಲಾರೂ ನೋಡಿ. ನೋಟ ಎಲ್ಲಿಗೆ ಹೋಗುತ್ತೆ?" ಚುಕ್ಕೆಗೆ ಅಂದರು. "ಹಾಂ! ಹಾಳೆ ಎಷ್ಟೇ ದೊಡ್ಡದಿರಲಿ, ನೋಟನ ಒಂದು ಚುಕ್ಕೆ ಎಳ್ಕೊಂಡು ಹೋಗುತ್ತೆ. ನಿನ್ನ ಹಸುನ ಯಾರೇ ನೋಡ್ತಾರೆ ಈಗ?" ಗೆದ್ದೆ ಅಂತ ಹುಡುಗಿಯ ಕಡೆ ತಿರುಗಿದೆ. ಅವಳು ಎದ್ದು ನಿಂತು, ತಣ್ಣಗೆ, "ಅದುಕ್ಕೇ ಮಡಗಾದು ಮಿಸ್. ನೋಡೋರ ನೋಟ ಮೊದ್ಲು ಅಲ್ಲಿಗೆ ಓಗ್ಲಿ ಅಂತ" ಅಂದಳು. ಬೆಲ್ ಹೊಡೆದದ್ದು ಪುಣ್ಯ.

ನಾನು ಜಗಳ ಬಿಡಲಿಲ್ಲ, ಅವಳು ಬೊಟ್ಟು ಬಿಡಲಿಲ್ಲ. ಮದ್ದೂರಲ್ಲಿ ನಡೆದ ಒಂದು ಚಿತ್ರ ಸ್ಪರ್ಧೆಗೆ ಕರೆದುಕೊಂಡು ಹೋದೆ. ಅಲ್ಲೂ ಇಟ್ಟಳು. ಬಹುಮಾನ ಬಂದದ್ದು ಎರಡು ಬೆಟ್ಟದ ಮಧ್ಯದ ಸೂರ್ಯನಿಗೆ. ಇವಳ ಚಿತ್ರ ಎತ್ತಿ ನೋಡಿದ ತೀರ್ಪುಗಾರರು, "ಕೈ ಚೆನ್ನಾಗಿದೆ, ಆದ್ರೆ ಗಲೀಜು ಮಾಡ್ಕೊಂಡಿದಾಳೆ" ಅಂತ ಪಕ್ಕಕ್ಕಿಟ್ಟರು. ವಾಪಸ್ ಬರ್ತಾ ಬಸ್ಸಲ್ಲಿ ಉದ್ದಕ್ಕೂ ಬೈದೆ. ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು.

ಅದುವರೆಗೂ ಬರೀ ಬಹುಮಾನದ ಮಾತು. ಸರ್ಕಾರ ನಡೆಸೋ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಬಂದಾಗ ವಿಷಯ ಬೇರೆಯಾಯಿತು. ಹುಡುಗಿಗೆ ಎಸ್ಸೆಸ್ಸೆಲ್ಸಿ ಆದಮೇಲೆ ಮೈಸೂರಿಗೆ ಹೋಗಿ ಚಿತ್ರಕಲೆ ಓದಬೇಕು ಅಂತ ಆಸೆ. ನಾನೇ ಹತ್ತಿಸಿದ ಆಸೆ, ಸುಳ್ಳು ಯಾಕೆ ಹೇಳಲಿ. ಮನೆಗೆ ಹೋಗಿ ಅವರಪ್ಪನ್ನ ಕೇಳಿದೆ. ಆತ ಮೀಸೆ ನೀವಿಕೊಂಡು, "ನೋಡಿ ಮೇಡಂ, ಕೂಗಾಡ ಮನ್ಸ ಅಲ್ಲ ನಾನು. ಈ ಡ್ರಾಯಿಂಗ್ ಪರೀಕ್ಷೇಲಿ ಫಸ್ಟ್ ಕ್ಲಾಸ್ ತರ್ಲಿ, ನಾನೇ ಕರ್ಕೊಂಡೋಗಿ ಸೇರುಸ್ತೀನಿ. ಬರ್ನಿಲ್ಲ ಅಂದ್ರೆ ಇಲ್ಲೇ ಕಾಲೇಜ್ನಲ್ಲಿ ಕಾಮರ್ಸು. ಆಮ್ಯಾಕೆ ಬಣ್ಣದ ಡಬ್ಬಿ ನನ್ ಕಣ್ಣಿಗೆ ಬೀಳ್ಬಾರ್ದು" ಅಂದ. ಆಗಲಿ ಅಂದೆ. ಹುಡುಗಿಯೂ ಆಗಲಿ ಅಂದಳು.

ಆ ಪರೀಕ್ಷೆಯಲ್ಲಿ ಹಾಳೆಯ ಮೇಲೆ ಯಾವ ಗುರುತೂ ಇರಬಾರದು. ಇದ್ದರೆ, ತಿದ್ದೋರಿಗೆ ಸನ್ನೆ ಮಾಡಿದಾರೆ ಅಂತ ಹಾಳೆಯನ್ನೇ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಹುಡುಗಿಯನ್ನ ಎದುರಿಗೆ ಕೂರಿಸಿಕೊಂಡು ಹೇಳಿದೆ: "ಇದು ನನ್ನ ಹಟ ಅಲ್ಲ ಕಣೆ, ರೂಲು. ಬೊಟ್ಟು ಇಟ್ಟೆ ಅಂದ್ರೆ ಮೈಸೂರು ಮರೆತುಬಿಡು." ಅವಳು ಉಗುರಿಗೆ ಅಂಟಿದ್ದ ಬಣ್ಣ ಕೆರೆದುಕೊಳ್ತಾ, "ಮಡಗಲ್ಲ ಮಿಸ್" ಅಂದಳು. ನನ್ನ ಜೀವಕ್ಕೆ ನೆಮ್ಮದಿಯಾಯಿತು ಅಂದುಕೊಂಡೆ. ಎಲ್ಲಿಯ ನೆಮ್ಮದಿ!

ಪರೀಕ್ಷೆ ಮಂಡ್ಯದಲ್ಲಿ. ಬೆಳಿಗ್ಗೆ ವಸ್ತು ಚಿತ್ರ, ಅಂದರೆ ಎದುರಿಗಿಟ್ಟ ಸಾಮಾನು ನೋಡಿ ಬರೆಯೋದು. ಊಟ ಆದಮೇಲೆ ವಿನ್ಯಾಸ. ಹುಡುಗಿಯ ಅವ್ವನೂ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ನಾನು ಗೇಟಿನಿಂದ ಹುಣಸೆ ಮರ, ಹುಣಸೆ ಮರದಿಂದ ಗೇಟು ಅಂತ ಓಡಾಡ್ತಾನೇ ಇದ್ದೆ. "ಒಂದ್ಗಳಿಗೆ ಕೂತ್ಕಳಿ ಮೇಡಮ್ಮೋರೇ, ನಿಮ್ಮನ್ನ ನೋಡುದ್ರೆ ನಂಗೆ ತಲೆ ತಿರುಗ್ತದೆ" ಅಂದಳು ಅವ್ವ. ಕೂತೆ. ಮತ್ತೆ ಎದ್ದೆ.

ಬೆಲ್ ಆಗಿ ಮಕ್ಕಳೆಲ್ಲ ಆಚೆ ಬಂದರು. ಇವಳು ಎಲ್ಲರಿಗಿಂತ ಕೊನೆಗೆ ಬಂದಳು. ಮುಖ ಬೆಳ್ಳಗಾಗಿತ್ತು.

"ಬೊಟ್ಟು ಇಟ್ಯಾ?"

"ಇಲ್ಲ ಮಿಸ್."

"ಮತ್ತೆ ಯಾಕೆ ಹಿಂಗಿದೀಯಾ? ಏನ್ ಕೊಟ್ಟಿದ್ರು?"

"ಮಡಕೆ, ಬಾಳೆಹಣ್ಣು, ಒಂದ್ ಲೋಟ. ಚೆನ್ನಾಗೇ ಬಂತು ಮಿಸ್. ಆಮೇಲೆ..." ಕೈಯ ಬಣ್ಣವನ್ನ ಲಂಗಕ್ಕೆ ಒರೆಸಿಕೊಂಡಳು. "ಆಮೇಲೆ ಮುಗೀತೋ ಇಲ್ವೋ ಗೊತ್ತಾಗ್ನಿಲ್ಲ. ಬೊಟ್ಟು ಮಡಗಂಗಿಲ್ವಲ್ಲ. ಇನ್ನೊಂಚೂರು ನೆರಳು ಹಾಕುದೆ. ಆಮೇಲೆ ಇಂದ್ಗಡೆ ಗೋಡೆ ಬರುದೆ. ಆಮೇಲೆ ಗೋಡೆಗೆ ಇಟ್ಟಿಗೆ. ಬೆಲ್ ಒಡ್ಯೋಗಂಟ ತುಂಬ್ತಾನೇ ಇದ್ದೆ ಮಿಸ್."

"ಇಟ್ಟಿಗೆನಾ?"

"ಊ ಮಿಸ್. ಪೂರ್ತಿ."

ಅಯ್ಯೋ ನನ್ನ ಕರ್ಮವೇ! ಇಡೀ ಸ್ಕೂಲಲ್ಲಿ ಖಾಲಿ ಜಾಗ ಬಿಡೋಳು ಇವಳೊಬ್ಬಳೇ ಅಂತ ನಾನು ಮೆರೀತಿದ್ದರೆ, ಇವಳು ಇಟ್ಟಿಗೆ ಕಟ್ಟಿಕೊಂಡು ಕೂತಿದ್ದಾಳೆ. ನನ್ನ ದನಿ ಏರಿತು. "ಬುದ್ಧಿ ಎಲ್ಲಿಟ್ಟಿದ್ದೆ? ಸುಮ್ನೆ ಕೈ ಎತ್ತೋಕೆ ಏನಾಗಿತ್ತು?" ಗೇಟಿನ ಹತ್ತಿರ ನಿಂತವರೆಲ್ಲ ತಿರುಗಿ ನೋಡಿದರು. ಹುಡುಗಿ ಅಳೋಕೆ ಶುರು ಮಾಡಿದಳು.

ಅವ್ವ ಬುತ್ತಿ ಬಿಚ್ಚುತ್ತಾ, ನನ್ನ ಮುಖ ನೋಡದೇ ಹೇಳಿದಳು: "ಬೊಟ್ಟಿಲ್ದೆ ಅವ್ಳಿಗೆ ಎಂಗೊತ್ತಾದದು? ಕೂಸಿಗೆ ನೀರುಯ್ದು, ಬಟ್ಟೆ ಹಾಕಿ, ತಲೆ ಬಾಚಿ, ಎಲ್ಲಾ ಆದ್ಮೇಲೆ ಬೊಟ್ಟು ಮಡಗಾದು. ಮಡಗುದ್ಮೇಲೆ ಇನ್ನೇನೂ ಮುಟ್ಟಂಗಿಲ್ಲ. ಇವ್ಳೂ ಸಣ್ಣೋಳಿಂದ ಅಂಗೇ ಬರ್ಕಂಡು ಬಂದವ್ಳೆ. ಒಂದ್ ಚುಕ್ಕಿ ಮಡಗುಸ್ಬುಡಿ ಮೇಡಮ್ಮೋರೇ, ಏನಾಯ್ತದೆ?"

"ಪರೀಕ್ಷೆ ಹಾಳಾಗ್ತದೆ ಕಣಮ್ಮ! ಎಷ್ಟು ಸಲ ಹೇಳ್ಲಿ?"

ಹೇಳಿದೆನೇ ಹೊರತು ಒಳಗೊಳಗೆ ನನಗೆ ಭಯ ಹತ್ತಿತು. ನಾನು ಚುಕ್ಕೆಯನ್ನ ಮೂಢನಂಬಿಕೆ ಅಂತ ನೋಡಿದ್ದೆ, ಗಲೀಜು ಅಂತ ನೋಡಿದ್ದೆ. ಅದು ಅವಳು ಕುಂಚ ಕೆಳಗಿಡೋ ಘಳಿಗೆ ಅಂತ ನನಗೆ ಹೊಳೆದೇ ಇರಲಿಲ್ಲ. ಗೆರೆ ಕಲಿಸಿದ್ದೆ, ಆಕಾರ ಕಲಿಸಿದ್ದೆ, ಬಣ್ಣ, ನೆರಳು, ಜಾಗ ಎಲ್ಲ ಕಲಿಸಿದ್ದೆ. ಮುಗಿಸೋದು ಅನ್ನೋದೊಂದು ಇದೆ ಅಂತ ಯಾವ ಪಾಠದಲ್ಲೂ ಇರಲಿಲ್ಲ. ಈಗ ಊಟದ ಹೊತ್ತಿನೊಳಗೆ ಅದನ್ನ ಕಲಿಸಬೇಕು. ಇಲ್ಲದಿದ್ದರೆ ಮಧ್ಯಾಹ್ನವೂ ಇಟ್ಟಿಗೆ.

"ನೋಡು, ಚಿತ್ರನ ಚೂರು ದೂರ ಹಿಡಿದು ನೋಡು. ಕಣ್ಣು ಅರ್ಧ ಮುಚ್ಚಿಕೊಂಡು ನೋಡು. ತಲೆಕೆಳಗು ಮಾಡಿ ನೋಡು" ಅಂತೆಲ್ಲ ಹೇಳಿದೆ. ಕಾಲೇಜಲ್ಲಿ ನನಗೆ ಹೇಳಿಕೊಟ್ಟಿದ್ದನ್ನೆಲ್ಲ ಒಪ್ಪಿಸಿದೆ. ಅವಳು ಮೂಗೊರೆಸಿಕೊಂಡು ಕೇಳ್ತಾ ಇದ್ದಳು. ಎಲ್ಲ ಕೇಳಿ ಆದಮೇಲೆ, "ನಿಮ್ಗೆ ಎಂಗೆ ಗೊತ್ತಾಯ್ತದೆ ಮಿಸ್?" ಅಂದಳು.

ನನಗೆ? ಮನೆಯಲ್ಲಿ ಬೀರುವಿನ ಹಿಂದೆ ಒರಗಿಸಿಟ್ಟ ನನ್ನ ಚಿತ್ರದ ಬೋರ್ಡುಗಳು ಕಣ್ಣ ಮುಂದೆ ಬಂದವು. ಒಂದರಲ್ಲಿ ಅರ್ಧ ಮುಖ, ಒಂದರಲ್ಲಿ ಕೆರೆ ಇದೆ ಏರಿ ಇಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದಿದ್ದೆ, ಕುಕ್ಕರ್ ಕೂಗಿತು ಅಂತ ಎದ್ದಿದ್ದೆ. ಮುಗಿಯಿತು ಅಂತ ಒಂದು ದಿನವಾದರೂ ಎದ್ದ ನೆನಪೇ ಬರಲಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತು, ಸಿಟ್ಟಿಗೋ ಸಂಕಟಕ್ಕೋ.

"ನಂಗೂ ಗೊತ್ತಿಲ್ಲ ಕಣೆ" ಅಂದೆ.

ಅವ್ವ ಕೈತುತ್ತು ಹಿಡಿದುಕೊಂಡು ನನ್ನನ್ನೇ ನೋಡಿದಳು. ಮೇಡಂ ಆದೋಳು ಹೀಗನ್ನಬಹುದಾ ಅನ್ನೋ ಹಾಗೆ. ಹುಡುಗಿ ಮಾತ್ರ ಅಳು ನಿಲ್ಲಿಸಿದಳು. ಸುಮ್ಮನೆ ಉಂಡಳು. ನಲ್ಲಿ ಹತ್ತಿರ ಹೋಗಿ ಕೈ ತೊಳೆದುಕೊಂಡು, ಒದ್ದೆ ಅಂಗೈಯನ್ನ ನೋಡ್ತಾ ನಿಂತಳು. ವಾಪಸ್ ಬಂದು ಕೇಳಿದಳು:

"ಆಳೆ ಮೇಲೆ ತಾನೇ ಮಡಗ್ಬಾರ್ದು ಮಿಸ್? ನನ್ ಅಂಗೈ ಮೇಲೆ ಮಡಿಕಂಡ್ರೆ?"

ಯೋಚನೆ ಮಾಡಿದೆ. ಕೈಮೇಲೆ ಅಕ್ಷರ ಇದ್ದರೆ ಹಿಡೀತಾರೆ. ಬಣ್ಣ ಯಾರು ಕೇಳ್ತಾರೆ? ಡ್ರಾಯಿಂಗ್ ಪರೀಕ್ಷೆಯಲ್ಲಿ ಮೊಣಕೈವರೆಗೂ ಬಣ್ಣವೇ. "ಇಟ್ಕೋ" ಅಂದೆ. "ಆದ್ರೆ ಇಟ್ಕೊಂಡ ಮೇಲೆ ಹಾಳೆ ಮುಟ್ಟಂಗಿಲ್ಲ. ಮುಟ್ಟಿದ್ರೆ ಕೈ ಮುರೀತೀನಿ." ಅವಳು ನಕ್ಕಳು. ಅವತ್ತು ಮೊದಲ ಸಲ.

ಮಧ್ಯಾಹ್ನದ ಕಥೆ ಇನ್ನೂ ಕೆಟ್ಟದು. ಬಿಸಿಲು ಏರಿತ್ತು. ಅವ್ವ ಸೆರಗು ಹಾಸಿ ಮರದ ಬುಡದಲ್ಲಿ ಮಲಗಿಬಿಟ್ಟಳು. ನನಗೆ ಕೂರೋಕೂ ಆಗದು, ನಿಲ್ಲೋಕೂ ಆಗದು. ಒಳಗೆ ಏನು ಮಾಡ್ತಿದ್ದಾಳೋ, ಎಲ್ಲಿಗೆ ಬಂದಿದ್ದಾಳೋ, ಸೀರೆ ಅಂಚಿನ ವಿನ್ಯಾಸ ಕೊಟ್ಟಿದ್ದರೆ ವಾಸಿ, ಹೂವು ಕೊಟ್ಟಿದ್ದರೆ ತುಂಬಿಬಿಡ್ತಾಳೋ ಏನೋ ಅಂತ ತಲೆ ಕೆಟ್ಟು ಹೋಗಿತ್ತು. ಅಷ್ಟರಲ್ಲಿ ಗೇಟು ಕಿರ್ ಅಂತು. ಪರೀಕ್ಷೆ ಮುಗಿಯೋಕೆ ಇನ್ನೂ ಹೊತ್ತಿತ್ತು. ಬೇರೆ ಒಂದು ನರಪಿಳ್ಳೆಯೂ ಆಚೆ ಬಂದಿರಲಿಲ್ಲ. ಇವಳು ಬಂದಳು, ಒಬ್ಬಳೇ.

"ಹೊರಗೆ ಹಾಕಿದ್ರಾ? ಹಿಡಿದ್ರಾ?" ಅಂತ ಓಡಿದೆ.

"ಇಲ್ಲ ಮಿಸ್. ಮುಗೀತು."

"ಇನ್ನೂ ಟೈಮ್ ಇದ್ಯಲ್ಲೇ! ಒಂದ್ಸಲ ತಿರುಗಿ ನೋಡ್ಬಾರ್ದಿತ್ತಾ? ಅಂಚು ಗಿಂಚು ಸರಿ ಮಾಡ್ಬಾರ್ದಿತ್ತಾ?"

"ಮುಗೀತು ಮಿಸ್" ಅಂದಳು ಮತ್ತೆ, ನನಗೇ ಸಮಾಧಾನ ಹೇಳೋ ಹಾಗೆ. ಎಡಗೈ ಬಿಚ್ಚಿದಳು. ನಡುಮಧ್ಯೆ ಕಪ್ಪು ಬೊಟ್ಟು. ಇನ್ನೂ ಹಸಿ.

ಫಲಿತಾಂಶ ಬಂದ ದಿನ ನಾನು ಮಳವಳ್ಳಿ ಕಡೆಯ ಸ್ಕೂಲಲ್ಲಿದ್ದೆ. ಫೋನಲ್ಲಿ ನೋಡಿದೆ. ವಿನ್ಯಾಸದಲ್ಲಿ ಅವಳಿಗೆ ಬಂದಷ್ಟು ಮಾರ್ಕ್ಸು ಬೇರೆ ಯಾವ ವಿದ್ಯಾರ್ಥಿಗೂ ಬಂದದ್ದು ನಾನು ಕಂಡಿರಲಿಲ್ಲ. ವಸ್ತು ಚಿತ್ರದಲ್ಲಿ ಏನೋ ದಾಟಿಕೊಂಡಿದ್ದಳು, ಅಷ್ಟೇ. ಇಟ್ಟಿಗೆಗಳು ಕಾಲು ಹಿಡಿದು ಎಳೆದಿದ್ದವು. ಒಟ್ಟು ಸೆಕೆಂಡ್ ಕ್ಲಾಸು. ನನಗೆ ಕೂರೋಕಾಗಲಿಲ್ಲ. ಅರ್ಧ ದಿನ ರಜೆ ಬರೆದುಕೊಟ್ಟು ಬಸ್ ಹತ್ತಿದೆ. ದಾರಿಯುದ್ದಕ್ಕೂ ಅವರಪ್ಪನ ಜೊತೆ ಮನಸ್ಸಲ್ಲೇ ಜಗಳ ಆಡ್ತಾ ಬಂದೆ. ಎಲ್ಲ ಜಗಳದಲ್ಲೂ ನಾನೇ ಗೆದ್ದೆ.

ಆತ ಆಗತಾನೇ ಕೆಲಸ ಮುಗಿಸಿ ಬಂದು ಜಗಲಿ ಮೇಲೆ ಕೂತಿದ್ದ. ಕೈಯಲ್ಲಿ ಮೊಬೈಲು. ಮಾರ್ಕ್ಸು ಅವನೂ ನೋಡಿದ್ದ. ಅವ್ವ ಬಾಗಿಲಲ್ಲಿ, ಹುಡುಗಿ ಅವ್ವನ ಹಿಂದೆ. ನಾನು ಚಪ್ಪಲಿ ಬಿಡೋಕೆ ಮುಂಚೆಯೇ ಶುರು ಮಾಡಿದೆ: ಎರಡನೇ ಪೇಪರ್ ನೋಡಿ, ಜಿಲ್ಲೆಯಲ್ಲೇ ಇಂಥ ಕೈ ಇಲ್ಲ, ಮೊದಲನೇದರಲ್ಲಿ ಹೀಗ್ಹೀಗಾಯ್ತು, ಅದು ಅವಳ ತಪ್ಪಲ್ಲ, ಒಂದು ಚುಕ್ಕೆಯಿಂದ ಆಗಿದ್ದು. ಆತ ಎಲ್ಲ ಕೇಳಿಸಿಕೊಂಡ.

"ಮೇಡಂ, ದಿನಾ ಗಾಡಿ ತೂಗೋನು ನಾನು" ಅಂದ. "ಇವತ್ತು ಒಬ್ಬನಿಗೆ ಚೂರು ಬುಟ್ರೆ ನಾಳೆ ಸಾಲಲ್ಲಿರೋರೆಲ್ಲ ಕೇಳ್ತಾರೆ. ಫಸ್ಟ್ ಕ್ಲಾಸ್ ಅಂದಿದ್ದೆ. ನೀವೂ ಊ ಅಂದ್ರಿ, ಅವ್ಳೂ ಊ ಅಂದ್ಳು. ಬರ್ನಿಲ್ಲ. ಇನ್ನೇನೈತೆ ಮಾತಾಡಕ್ಕೆ? ಸಾಕು, ಇಲ್ಗೆ ನಿಲ್ಸನ."

ಆತ ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ, ಅದೇ ನನಗೆ ಸಂಕಟ. ವಾಪಸ್ ಹೋಗೋದೋ, ಕಾಲು ಹಿಡಿಯೋದೋ ತಿಳಿಯದೆ ಕೂತೆ.

ಹುಡುಗಿ ಅವ್ವನ ಹಿಂದಿನಿಂದ ಮುಂದಕ್ಕೆ ಬಂದಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ.

"ಅಪ್ಪ, ಮೊದಲ್ನೇ ಪೇಪರಲ್ಲಿ ನಂಗೆ ನಿಲ್ಸಕ್ಕೆ ಬರ್ನಿಲ್ಲ. ಎರಡ್ನೇದ್ರಲ್ಲಿ ಬಂತು. ಈಗ ನಂಗೊತ್ತಾಯ್ತದೆ, ಎಲ್ಲಿ ನಿಲ್ಸ್‌ಬೇಕು ಅಂತ." ಒಂದು ಸಲ ಉಸಿರೆಳೆದುಕೊಂಡಳು. "ಇದು ನಿಲ್ಸೋ ಜಾಗ ಅಲ್ಲ ಕಣಪ್ಪ."

ಆತ ಅವಳ ಮುಖವನ್ನೇ ನೋಡಿದ. ಮಗಳು ತನ್ನೆದುರಿಗೆ ಅಷ್ಟುದ್ದ ಮಾತಾಡಿದ್ದು ಅದೇ ಮೊದಲಿರಬೇಕು. ಬೈತಾನೆ ಅಂದುಕೊಂಡೆ. ಬೈಯಲಿಲ್ಲ. ಮೊಬೈಲು ಎತ್ತಿ ಮತ್ತೊಂದು ಸಲ ಮಾರ್ಕ್ಸು ನೋಡಿದ, ಬೆರಳಿಂದ ಅಕ್ಷರ ದೊಡ್ಡದು ಮಾಡಿಕೊಂಡು. ಹಿತ್ತಲಲ್ಲಿ ಹಸು ಕೂಗಿತು. ಹಾಲು ಕರೆಯೋ ಹೊತ್ತಾಗಿತ್ತು, ಆದರೂ ಅವ್ವ ನಿಂತ ಕಡೆಯಿಂದ ಕದಲಲಿಲ್ಲ.

ಆತ ಮೊಬೈಲು ಜೇಬಿಗೆ ಹಾಕಿಕೊಂಡು, ನನ್ನ ಕಡೆ ತಿರುಗಿ ಕೇಳಿದ.

"ಮೇಡಂ, ಮೈಸೂರಲ್ಲಿ ಎಣ್ಮಕ್ಕಳಿಗೆ ಆಸ್ಟೆಲ್ ಐತಾ?"

"ಐತೆ" ಅಂದೆ. ಇದೆಯೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ.